ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಮಾತ್ರೆ, ಆಮೇಲೆ ಜಿಮ್

ಪ್ರಶ್ನೆ: ನನಗೆ 46 ವರ್ಷ, ತೂಕ 76 ಕೆ.ಜಿ. ಬ್ಯಾಂಕಿನಲ್ಲಿ ಕೆಲಸ. ಎರಡು ತಿಂಗಳಿಂದ 16:8 ಉಪವಾಸ ಮಾಡುತ್ತಿದ್ದೇನೆ. ರಾತ್ರಿ 8ಕ್ಕೆ ಊಟ ಮುಗಿದರೆ ಮತ್ತೆ ಮಾರನೇ ದಿನ ಮಧ್ಯಾಹ್ನ 12ಕ್ಕೇ. ಬೆಳಿಗ್ಗೆ 6ರಿಂದ 7 ಜಿಮ್. 5 ಕೆ.ಜಿ. ಇಳಿದಿದ್ದೇನೆ. ಆದರೆ ಮೊದಲು ಎತ್ತುತ್ತಿದ್ದ ಭಾರ ಈಗ ಎತ್ತಲಾಗುತ್ತಿಲ್ಲ. 10 ಗಂಟೆ ಹೊತ್ತಿಗೆ ಕೈ ನಡುಗಿ ಬೆವರುತ್ತೇನೆ. ಉಪವಾಸ ಬಿಡಲೋ, ಜಿಮ್ ಬಿಡಲೋ? ಅಂದ ಹಾಗೆ, ಬೆಳಿಗ್ಗೆ ಎದ್ದ ಕೂಡಲೇ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತೇನೆ.
– ಓದುಗರು, ಹಾಸನ

ಉತ್ತರ: ಕೊನೆಗೆ ಬರೆದಿದ್ದೀರಲ್ಲ, ಆ ಮಾತ್ರೆಯ ವಿಷಯ, ನಿಮ್ಮ ಪತ್ರದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಗ್ಲಿಮೆಪಿರೈಡ್ ಮೇದೋಜ್ಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ. ನೀವು ತಿಂದಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಮೇಲಿಂದ ಜಿಮ್‌ನಲ್ಲಿ ಸ್ನಾಯುಗಳೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ಕೈ ನಡುಕ, ಬೆವರು ಸಕ್ಕರೆ ಇಳಿದದ್ದರ ಗುರುತು ಇರಬಹುದು. ಹಾಗಾದಾಗ ಕೂಡಲೇ ರಕ್ತದ ಸಕ್ಕರೆ ಅಳೆಯುವ ಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ.

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ತಂದೆ ಏಕಾದಶಿ ತಪ್ಪಿಸುತ್ತಿರಲಿಲ್ಲ. ಒಂದು ಏಕಾದಶಿ ಇದೇ ಜಾತಿಯ ಮಾತ್ರೆ ನುಂಗಿ, ಹಿತ್ತಲಲ್ಲಿ ತೆಂಗಿನ ಪಾತಿ ಬಿಡಿಸಲು ಹೋದರು. ಅಮ್ಮ ಹೋಗಿ ನೋಡಿದಾಗ ತುಳಸಿ ಕಟ್ಟೆಗೆ ಒರಗಿ ಕೂತಿದ್ದರು. ಅಂಗಿ ಪೂರ್ತಿ ಒದ್ದೆ, ಮಾತು ತೊದಲು. ಮೀಟರಿನಲ್ಲಿ 48. ಸಕ್ಕರೆ ನೀರು ಕುಡಿಸಿ ಕಾಲು ಗಂಟೆಯಾದ ಮೇಲೆ ನನ್ನ ಗುರುತು ಹಿಡಿದರು. ಆಹಾರ ಸಲಹೆ ಕೊಡುವ ಮಗಳು ಮನೆಯಲ್ಲೇ ಇದ್ದೂ ಹೀಗಾಯಿತು. ಆ ಬೆಳಿಗ್ಗೆ ನಾನು ಮರೆತಿಲ್ಲ.

ಆದ್ದರಿಂದ ಉಪವಾಸವನ್ನು ಇವತ್ತೇ ನಿಲ್ಲಿಸಿ, ಡಾಕ್ಟರನ್ನು ನೋಡಿ. ಮಾತ್ರೆಯನ್ನು ನೀವೇ ಬಿಡಬೇಡಿ. ಅದನ್ನು ದಿನದ ಮೊದಲ ಊಟದ ಜೊತೆ ತೆಗೆದುಕೊಳ್ಳಬೇಕು, ಬರಿ ಹೊಟ್ಟೆಯಲ್ಲಲ್ಲ. ಡೋಸ್ ಇಳಿಸುವುದೋ, ಬೇರೆ ಮಾತ್ರೆ ಕೊಡುವುದೋ ಅವರು ಹೇಳುತ್ತಾರೆ.

ಉಪವಾಸಕ್ಕೆ ಅವರು ಒಪ್ಪಿದ ಮೇಲೂ 16 ಗಂಟೆಯ ಹಠ ಬೇಡ. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ಅಧ್ಯಯನ ಮಾಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಗುಂಪಿಗೂ ಕ್ಯಾಲೊರಿ ಕಡಿಮೆ ಮಾಡಿದ್ದರು. ಒಂದು ಗುಂಪು 8 ಗಂಟೆಯೊಳಗೆ ಮಾತ್ರ ತಿನ್ನುತ್ತಿತ್ತು. ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದರೆ ಜಿಮ್ ಮುಗಿಸಿ ಐದು ಗಂಟೆ ಹಸಿದು ಕೂರುವುದು ಯಾಕೆ, ಅಲ್ವಾ? ರಾತ್ರಿ ಊಟ 7:30ಕ್ಕೆ, ಬೆಳಿಗ್ಗೆ ತಿಂಡಿ 8:30ಕ್ಕೆ ಮಾಡಿ. 13 ಗಂಟೆ ಬಿಡುವು ಸಿಗುತ್ತದೆ, ಧಾರಾಳ ಸಾಕು.

ಇನ್ನು ಭಾರ ಎತ್ತಲಾಗದ ವಿಷಯ. ಇಳಿದ 5 ಕೆ.ಜಿ.ಯಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗಿರಬಹುದು. ವ್ಯಾಯಾಮ ಮಾಡುವ ನಿಮ್ಮ ತೂಕದವರಿಗೆ ದಿನಕ್ಕೆ ಸುಮಾರು 90 ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಡಾಕ್ಟರ್ ಹೇಳಿದಷ್ಟೇ. ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ, ಹೀಗೆ ಎರಡು ಹೊತ್ತು ಉಂಡರೆ ಅದರ ಅರ್ಧ ಬರುವುದೂ ಕಷ್ಟ. ಮುದ್ದೆ ಬಿಡಬೇಡಿ, ಸ್ವಲ್ಪ ಚಿಕ್ಕದು ಮಾಡಿ. ಸಾರಿಗೆ ಅವರೆಕಾಳೋ ಹುರುಳಿಯೋ ಜಾಸ್ತಿ ಬೀಳಲಿ. ತಿಂಡಿಗೆ ಹೆಸರುಕಾಳು ಉಸ್ಲಿ ಮಾಡಿಸಿ, 50 ಗ್ರಾಂ ಒಣ ಕಾಳಿನಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇದೆ. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ 6 ಗ್ರಾಂ ಲೆಕ್ಕ ಹಿಡಿಯಿರಿ.

ಜಿಮ್ ಬಿಡಬೇಡಿ. ಹೋಗುವ ಮುಂಚೆ ಸಕ್ಕರೆ ನೋಡಿಕೊಳ್ಳಿ, 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಿ. ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ನಿಮಗೆ ಸಕ್ಕರೆ ಮಾತ್ರೆ ಇದೆ ಅಂತ ಅಲ್ಲಿನ ಕೋಚ್‌ಗೆ ನಾಳೆಯೇ ಹೇಳಿ.