ವಿ-ಕ್ರಾಸ್‌ಗೆ ಲಿಫ್ಟ್ ಕಿಟ್, 33 ಇಂಚ್ ಟೈರು: ಒಂದೂವರೆ ಲಕ್ಷ ಸಾಕಾಗತ್ತಾ?

ಪ್ರಶ್ನೆ: ಸರ್, ಮೂಡಿಗೆರೆ ಹತ್ರ ನಮ್ದು ಕಾಫಿ ತೋಟ. ಇಸುಜು ವಿ-ಕ್ರಾಸ್ ಫೋರ್ ಬೈ ಫೋರ್ ಪಿಕಪ್ ಗಾಡಿ ಇದೆ, ಟೈರು ಕಂಪನಿದೇ 255/60 ಆರ್18. ಮಳೆಗಾಲದಲ್ಲಿ ತೋಟದ ರಸ್ತೇಲಿ ಹೂತ್ಕೊಳ್ಳತ್ತೆ, ಅಡಿ ಬೇರೆ ತಾಗತ್ತೆ. ಗಾಡಿ ಎತ್ರ ಮಾಡೋ ಲಿಫ್ಟ್ ಕಿಟ್, ಅಂದ್ರೆ ಮುಂದಿನ ಸಸ್ಪೆನ್ಷನ್ನಿಗೆ 2 ಇಂಚ್ ಸ್ಪೇಸರ್, ಹಿಂದೆ ಪ್ಲೇಟು ಆಕ್ಸಲ್ ನಡುವೆ ಇಡೋ ಬ್ಲಾಕ್ ಸೇರಿ ಫಿಟ್ಟಿಂಗ್ ಸಮೇತ 28 ಸಾವಿರ, 285/65 ಆರ್18 ಮಡ್ ಟೈರು (ಸುಮಾರು 33 ಇಂಚ್ ಎತ್ರದ್ದು) ಒಂದಕ್ಕೆ 22 ಸಾವಿರ ಅಂದ್ರು. ನಾಲ್ಕು ಟೈರಿಗೆ 88, ಒಟ್ಟು 1 ಲಕ್ಷ 16 ಸಾವಿರ. ನನ್ ಬಜೆಟ್ ಒಂದೂವರೆ ಲಕ್ಷ, ಉಳಿದದ್ರಲ್ಲಿ ಲೈಟ್ ಬಾರ್ ಹಾಕ್ಸೋಣ ಅಂತಿದೀನಿ. ಸರಿನಾ?

ಉತ್ತರ: ಲೈಟ್ ಬಾರ್ ಸದ್ಯಕ್ಕೆ ಮರ್ತುಬಿಡಿ. ಮೊದ್ಲು ಗಾಡಿ ಅಡಿಗೆ ಒಂದು ಗೋಣಿಚೀಲ ಹಾಸ್ಕೊಂಡು ಮಲ್ಗಿ, ಗೀರು ಎಲ್ಲಿ ಬಿದ್ದಿದೆ ನೋಡಿ. ಹಿಂದಿನ ಡಿಫರೆನ್ಷಿಯಲ್ ಗುಂಡಿನ ಮೇಲೆ (ಹಿಂದಿನ ಆಕ್ಸಲ್ ನಡುವೆ ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರಿನ ಡಬ್ಬಿ) ಗೀರಿದ್ರೆ ನೀವು ಎಷ್ಟು ಇಂಚ್ ಲಿಫ್ಟ್ ಮಾಡ್ಸಿದ್ರೂ ಅದು ಇದ್ದಲ್ಲೇ ಇರತ್ತೆ, ಯಾಕಂದ್ರೆ ಲಿಫ್ಟ್ ಎತ್ತೋದು ಚಾಸಿ ಮತ್ತೆ ಬಾಡೀನ, ಆಕ್ಸಲ್‌ನ ಅಲ್ಲ. ಆಕ್ಸಲ್ ಎತ್ರ ಆಗ್ಬೇಕು ಅಂದ್ರೆ ಟೈರು ದೊಡ್ಡದಾಗ್ಬೇಕು ಅಷ್ಟೇ. ಗೀರು ಚಾಸಿಗೋ ಫುಟ್‌ಬೋರ್ಡಿಗೋ ಮುಂದಿನ ಬಂಪರಿಗೋ ಆಗಿದ್ರೆ ಮಾತ್ರ ಲಿಫ್ಟ್ ಮಾತು.

ಈಗ ನಿಮ್ ಲೆಕ್ಕಕ್ಕೆ ಬರೋಣ. ನಾಲ್ಕಲ್ಲ ಸ್ವಾಮಿ, ಐದು ಟೈರು. ವಿ-ಕ್ರಾಸ್‌ನ ಫೋರ್ ಬೈ ಫೋರ್‌ಗೆ ನಡುವೆ ಸೆಂಟರ್ ಡಿಫರೆನ್ಷಿಯಲ್ ಇಲ್ಲ, ಅಂದ್ರೆ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು ಇಲ್ಲ, ಪಂಕ್ಚರ್ ಆಗಿ ಒಂದು ಕಡೆ ಹಳೇ ಸಣ್ಣ ಸ್ಟೆಪ್ನಿ ಹಾಕ್ಕೊಂಡು ಫೋರ್ ವೀಲ್‌ಗೆ ಹಾಕಿದ್ರೆ ಪೂರಾ ಒತ್ತಡ ಗೇರು, ಶಾಫ್ಟ್ ಮೇಲೆ ಬೀಳತ್ತೆ. ಐದನೇದು ಸೇರಿದ್ರೆ ನಿಮ್ 1.16 ಲಕ್ಷ 1.38 ಆಯ್ತು, ಉಳಿದಿದ್ದು 12 ಸಾವಿರ. ಇನ್ನು ಆ ದೊಡ್ಡ ಸ್ಟೆಪ್ನಿ ಹಿಂದೆ ಬೆಡ್ ಅಡಿ ಜಾಗದಲ್ಲಿ ಕೂರತ್ತಾ ಅಂತಲೂ ದುಡ್ಡು ಕೊಡೋಕೆ ಮುಂಚೆನೇ ಅಳ್ದು ನೋಡ್ಬೇಕು.

ಆ 12 ಸಾವಿರದ ಮೇಲೆ ಎಷ್ಟು ಜನ ಕಣ್ಣಿಟ್ಟಿದಾರೆ ನೋಡಿ. ಮುಂದೆ 2 ಇಂಚ್ ಎತ್ತಿದ್ರೆ ಚಕ್ರಾನ ಮೇಲಿಂದ ಹಿಡ್ಕೊಳ್ಳೋ ಅಪ್ಪರ್ ಆರ್ಮ್‌ನ ಬಾಲ್ ಜಾಯಿಂಟು, ಚಕ್ರಕ್ಕೆ ಶಕ್ತಿ ಕೊಡೋ ಶಾಫ್ಟಿನ ಸಿವಿ ಜಾಯಿಂಟು ಎರಡೂ ಓರೆಯಾಗಿ ಕೆಲ್ಸ ಮಾಡತ್ವೆ, ಬೇಗ ಸವೀತವೆ, ಅಲೈನ್‌ಮೆಂಟ್ ಸರಿಯಾಗಿ ಕೂರದೆ ಹೋದ್ರೆ ಬೇರೆ ಅಪ್ಪರ್ ಆರ್ಮ್ ಹಾಕ್ಬೇಕಾಗತ್ತೆ, ಅದೇ ಒಂದು ದೊಡ್ಡ ಖರ್ಚು. ಟೈರು ಅಷ್ಟು ಅಗಲ ಆದ್ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜತ್ತೆ, ಅದನ್ನ ಕತ್ತರಿಸ್ಬೇಕು. ಮೀಟರ್‌ದು ಇನ್ನೊಂದು ಕಥೆ. ನಿಮ್ ಈಗಿನ ಟೈರಿನ ವ್ಯಾಸ 763 ಮಿಮೀ, 285/65ದು 828. ಅಂದ್ರೆ ಟೈರಿನ ಲೆಕ್ಕದಲ್ಲಿ ಮೀಟರ್ 100 ತೋರ್ಸೋವಾಗ ಗಾಡಿ ಈಗಿಗಿಂತ ಶೇ 8ರಷ್ಟು ಜಾಸ್ತಿ ಓಡ್ತಿರತ್ತೆ, ಗಾಡಿ ವೇಗ ಹಿಡಿಯೋದು ನಿಧಾನ, ಬ್ರೇಕಿಗೆ ಭಾರ ಜಾಸ್ತಿ. ಇಷ್ಟೆಲ್ಲ ಮಾಡಿ ಡಿಫರೆನ್ಷಿಯಲ್ ಎತ್ರ ಆಗೋದು ವ್ಯತ್ಯಾಸದ ಅರ್ಧ, 32 ಮಿಮೀ. ಇಷ್ಟಕ್ಕೆ ಅಷ್ಟು ಖರ್ಚು ಬೇಕಾ ಅಂತ ನೀವೇ ಯೋಚ್ನೆ ಮಾಡಿ.

ಹಿಂದಿನ ಬ್ಲಾಕ್ ಬಗ್ಗೆ ನಂಗೆ ಸಮಾಧಾನ ಇಲ್ಲ. ಬ್ಲಾಕ್ ಬರೀ ಎತ್ರ ಕೊಡತ್ತೆ, ಶಕ್ತಿ ಕೊಡಲ್ಲ. 50 ಕೆಜಿ ಮೂಟೆ ಹತ್ತು ಹೇರಿದ್ರೆ ಅರ್ಧ ಟನ್, ಹಿಂದೆ ಕುಗ್ಗಿ ಮುಂದೆ ಎದ್ದು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ನೇರ ಹೊಡ್ಯತ್ತೆ. ತೋಟದ ಲೋಡೇ ನಿಮ್ ತಾಪತ್ರಯ ಆದ್ರೆ ಹಿಂದಿನ ಪ್ಲೇಟ್ ಸೆಟ್ (ಲೀಫ್ ಸ್ಪ್ರಿಂಗ್) ಚೆಕ್ ಮಾಡ್ಸಿ. ಆದ್ರೆ ಒಂದು, ಯಾವಾಗ್ಲೂ ಲೋಡ್ ಇರೋರಿಗೆ ಮಾತ್ರ ಗಟ್ಟಿ ಪ್ಲೇಟ್, ಖಾಲಿ ಓಡ್ಸೋದೇ ಜಾಸ್ತಿ ಅಂದ್ರೆ ಚಾರ್ಮಾಡಿ ಇಳಿಯೋವಾಗ ಹಿಂದಿನ ಸೀಟಲ್ಲಿರೋ ಅಮ್ಮ ನಿಮ್ಮನ್ನ ಬೈತಾರೆ.

ಕಾನೂನು ಚಿಕ್ಕದಾಗಿ ಹೇಳ್ತೀನಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗೋ ಹಾಗೆ ಮಾರ್ಪಾಡು ಮಾಡೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಸೆಕ್ಷನ್ 182ಎ ಅಡಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಇಲ್ಲ ಆರು ತಿಂಗಳವರೆಗೆ ಜೈಲು, ಎರಡೂ ಆಗ್ಬಹುದು. ದಂಡಕ್ಕಿಂತ ನಂಗೆ ಭಯ ಇನ್ಶೂರೆನ್ಸ್‌ದು, ಏನಾದ್ರೂ ಆದಾಗ ಸರ್ವೇಯರ್ ಮೊದ್ಲು ನೋಡೋದೇ ಇಂಥದ್ದನ್ನ.

ನಾನಾಗಿದ್ರೆ? ಕಂಪನಿ ಸೈಜಲ್ಲೇ ಒಳ್ಳೆ ಎಟಿ ಟೈರು (ಆಲ್ ಟೆರೇನ್, ಟಾರಿಗೂ ಮಣ್ಣಿಗೂ ಆಗೋದು) ಸಿಕ್ಕಿದ್ರೆ ಅದೇ ಐದು. ಸಿಗ್ಲಿಲ್ಲ ಅಂದ್ರೆ 265/60 ಆರ್18, ಫಾರ್ಚೂನರ್‌ಗೆ ಬರೋ ಸೈಜು, ಅಂಗಡೀಲಿ ಬ್ರ್ಯಾಂಡೂ ಜಾಸ್ತಿ ಸಿಗತ್ತೆ. ವ್ಯಾಸ 12 ಮಿಮೀ ಮಾತ್ರ ಹೆಚ್ಚು, ಮೀಟರ್ ವ್ಯತ್ಯಾಸ ಶೇ 2 ಕೂಡ ಇಲ್ಲ. ಆದ್ರೂ ಕಂಪನಿ ಸೈಜಲ್ಲ, ಇನ್ಶೂರೆನ್ಸಿನವರನ್ನ ಮೊದ್ಲೇ ಕೇಳ್ಕೊಳ್ಳಿ. ಮಡ್ ಟೈರು ಬೇಡ, ನಿಮ್ ಓಡಾಟ ಮುಕ್ಕಾಲು ಪಾಲು ಟಾರಲ್ಲೇ ಇರ್ಬೇಕು, ಒದ್ದೆ ಟಾರಲ್ಲಿ ಅದಕ್ಕೆ ಹಿಡಿತ ಕಮ್ಮಿ, ಸದ್ದು ಬೇರೆ. ಉಳಿದ ದುಡ್ಡಲ್ಲಿ ಒಂದು 12 ವೋಲ್ಟ್ ಕಂಪ್ರೆಸರ್, ಎಳೆಯೋ ಬೆಲ್ಟು, ಬೆಲ್ಟನ್ನ ಗಾಡಿಗೆ ಸಿಕ್ಕಿಸೋ ಎರಡು ಶ್ಯಾಕಲ್ (ಕಬ್ಬಿಣದ ಕೊಂಡಿ) ತಗೊಳ್ಳಿ. ಕೆಸರಿಗೆ ಇಳಿಯೋ ಮುಂಚೆ ಗಾಳಿ 20 ಪಿಎಸ್‌ಐ ಹತ್ರಕ್ಕೆ ಇಳ್ಸಿ (ಖಾಲಿ ಗಾಡಿಗೆ ಹೇಳ್ತಿರೋದು), ನಿಧಾನಕ್ಕೆ ಹೋಗಿ, ಟಾರಿಗೆ ಬರೋ ಮುಂಚೆ ಮತ್ತೆ ತುಂಬ್ಸಿ. ಅದೂ ಸಾಲ್ದಿದ್ರೆ ನಿಮ್ ಅಕ್ಕಪಕ್ಕದ ತೋಟದ ಹಳೇ ಜೀಪುಗಳನ್ನ ನೋಡಿ, ಜೂನ್ ಬಂದ್ರೆ ಚಕ್ರಕ್ಕೆ ಚೈನ್ ಕಟ್ಟತಾರಲ್ಲ, ಅದು ನಿಮ್ ಟೈರಿನ ಅಳತೆಗೆ ಮಾಡ್ಸ್ಕೋಬಹುದು, ಒಳಗಿನ ಬ್ರೇಕ್ ಪೈಪಿಗೆ ತಾಗದೇ ಇದ್ರೆ ಸಾಕು.

ಒಂದು ಮಳೆಗಾಲ ಹೀಗೆ ಓಡ್ಸಿ. ಅಕ್ಟೋಬರಲ್ಲಿ ಮತ್ತೆ ಅದೇ ಗೋಣಿಚೀಲ ಹಾಸಿ ಅಡಿ ನೋಡಿ, ಹೊಸ ಗೀರು ಚಾಸಿ ಮೇಲೆ ಸಿಕ್ಕಿದ್ರೆ ಫೋಟೋ ಕಳ್ಸಿ, ಲಿಫ್ಟ್ ಬಗ್ಗೆ ಆಗ ಮಾತಾಡೋಣ.