ದನಿ ನಡುಗಿದರೂ ಹೇಳಿ

ಮನೆಯಿಂದಲೇ ಕೆಲಸ ಮಾಡುವ ಪದ್ಧತಿಯ ಪರವಾಗಿ ಸಭೆಯಲ್ಲಿ ಮಾತನಾಡಬೇಕು, ಆದರೆ ‘ಸೋಮಾರಿಗಳ ವಕಾಲತ್ತು’ ಎಂದು ನಕ್ಕುಬಿಟ್ಟರೆ ಏನು ಗತಿ ಎಂದು ಕೇಳಿದ್ದೀರಿ. ಆ ಭಯ ನನಗೆ ಚೆನ್ನಾಗಿ ಗೊತ್ತು. ಮೊದಲ ಸಲ ನಿಂತಾಗ ನನ್ನ ನಾಲಿಗೆ ಒಣಗಿತ್ತು, ಕೈಯಲ್ಲಿದ್ದ ಕಾಗದ ಅದುರುತ್ತಿತ್ತು.

ಆಗ ಕೈಹಿಡಿದದ್ದು ತಯಾರಿ. ಚೀನಾದ ಪ್ರವಾಸ ಸಂಸ್ಥೆ ಸಿಟ್ರಿಪ್‌ನಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಒಂಬತ್ತು ತಿಂಗಳು ನಡೆಸಿದ ಪ್ರಯೋಗದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮನೆಯಿಂದ ದುಡಿದ ಕಾಲ್ ಸೆಂಟರ್ ಸಿಬ್ಬಂದಿಯ ಸಾಧನೆ ಶೇ. 13ರಷ್ಟು ಹೆಚ್ಚಿತ್ತು, ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕಿಳಿದಿತ್ತು. ಸೋಮಾರಿತನದ ಆರೋಪಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕೆ? ಅದೇ ಪ್ರಯೋಗದ ಇನ್ನೊಂದು ಮುಖವನ್ನೂ ನೀವೇ ಮುಂದಾಗಿ ಹೇಳಿಬಿಡಿ: ಒಂಟಿತನ ಕಾಡಿ ಹಲವರು ಕಚೇರಿಗೆ ಮರಳಿದರು, ಸಾಧನೆಗೆ ತಕ್ಕ ಬಡ್ತಿಯೂ ಸಿಗಲಿಲ್ಲ. ತೊಡಕನ್ನು ನಾವೇ ಒಪ್ಪಿಕೊಂಡರೆ ಕೆಣಕಲು ಬಂದವರಿಗೆ ಹೆಚ್ಚೇನೂ ಉಳಿಯುವುದಿಲ್ಲ, ನಮ್ಮ ಎದೆಬಡಿತವೂ ಇಳಿಯುತ್ತದೆ. ಇದು ನನ್ನ ಅನುಭವ.

ಮೊದಲು ನಾಲ್ಕೈದು ಆಪ್ತರ ಮುಂದೆ ಗಟ್ಟಿಯಾಗಿ ಹೇಳಿ ನೋಡಿ. ಆರಂಭದ ಎರಡು ವಾಕ್ಯಗಳು ಬಾಯಿಪಾಠವಿರಲಿ. ಉತ್ತರ ತಿಳಿಯದ ಪ್ರಶ್ನೆ ಬಂದರೆ ‘ವಿಚಾರಿಸಿ ತಿಳಿಸುತ್ತೇನೆ’ ಎನ್ನಿ, ಅದರಲ್ಲಿ ಅವಮಾನವಿಲ್ಲ. ಸಭೆ ಮುಗಿದ ಮೇಲೆ ಹೇಗಾಯಿತೆಂದು ಖಂಡಿತ ಬರೆಯಿರಿ.