ಉಡುಗೊರೆಗೆಂದು ಮಾಡುತ್ತಿರುವ ಮದ್ದಿನ ಕೊಂಬಿಗೆ (ಕೋವಿಯ ಸಿಡಿಮದ್ದು ತುಂಬಿಡುವ ಕೊಂಬು) ಮರದ ಬಿರಡೆ ಏಕೆ ಕೂರುತ್ತಿಲ್ಲ?

ಕೊಂಬಿನ ಬುಡ ಸಹಜವಾಗಿ ದುಂಡಗಿರುವುದಿಲ್ಲ, ಅದಕ್ಕೇ ನಿಮ್ಮ ದುಂಡು ಬಿರಡೆ ಕೂರುತ್ತಿಲ್ಲ. ಬಿರಡೆಯನ್ನು ಕೆತ್ತುತ್ತ ಹೋಗಬೇಡಿ, ಕೊಂಬನ್ನೇ ದುಂಡಗಾಗಿಸಿ. ಕೊಂಬಿನ ಹೊರಕವಚ ಎಲುಬಲ್ಲ. ಉಗುರಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಅದು. ಬಿಸಿಗೆ ಮೆತ್ತಗಾಗಿ, ಆರಿದಾಗ ಕೊಟ್ಟ ಆಕಾರದಲ್ಲೇ ಗಟ್ಟಿಯಾಗುತ್ತದೆ. ಒಳಗಿನ ಎಲುಬು ತೆಗೆದು, ಬುಡವನ್ನು ಕುದಿಯುವ ನೀರಿನಲ್ಲಿ ಮೆತ್ತಗಾಗುವವರೆಗೆ ಇಡಿ. ತುದಿ ಸಪೂರವಾದ ದುಂಡು ಮರದ ಅಚ್ಚನ್ನು ಒತ್ತಿ ತೂರಿಸಿ, ಪೂರ್ತಿ ಆರುವ ತನಕ ಮುಟ್ಟದಿರಿ. ಎಮ್ಮೆಯ ಕೊಂಬು ದಪ್ಪವೆನಿಸಿದರೆ ಮೊದಲೇ ಒಳಗಿನಿಂದ ಸ್ವಲ್ಪ ಹೆರೆಯಿರಿ.

ಬಿರಡೆಗೆ ಒಣಗಿದ ಸಾಗವಾನಿಯೇ ಇರಲಿ; ಶಿರಸಿಯ ಮಳೆಗಾಲದ ತೇವಕ್ಕೂ ಅದು ಹೆಚ್ಚು ಉಬ್ಬುವುದಿಲ್ಲ. ಅಂದ ಹಾಗೆ, ಕಾಡಿನಲ್ಲಿ ಬಿದ್ದು ಸಿಕ್ಕಿದ್ದಾದರೂ ಕಾಡುಕೋಣದ ಕೊಂಬು ಬೇಡ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.